ಅಬುಸ್ ಹಾಕಿದ ಗುಡ್ಡೆ

ತೈಪೆಯಲ್ಲಿ ಅಚ್ಚಾಗುವ ಚರ್ಚಿನ ಪತ್ರಿಕೆಗೆ ಅಬುಸ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಪಾಸ್ಟರ್ ಕೇಳಿದ್ದಾರೆ. ಅದೂ ನನ್ನನ್ನು! ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಹದಿನೆಂಟು ವರ್ಷ ನಮ್ಮ ಬೆಟ್ಟದೂರಿನ ಚರ್ಚಿನ ಸಭೆಗೆ ನಾನು ಹಿರಿಯನಾಗಿದ್ದೆ. ಅಬುಸ್ ಗಂಡ ಸತ್ತವಳು, ಎಲೆಕೋಸು ಬೆಳೆದು ಬದುಕುವವಳು. ಅಡಿಕೆ ಜಗಿದು ಹಲ್ಲೆಲ್ಲ ಕೆಂಪು. ಕೀರ್ತನೆ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಹಿಂದಿನ ಬೆಂಚು ಅವಳದು, ಮುಂದಿನದು ನನ್ನದು. ಎಲ್ಲ ಸರಿಯಾಗಿಯೇ ಇತ್ತು.

ಚಂಡಮಾರುತದ ಮೂರನೆಯ ಬೆಳಗ್ಗೆ ಊರೆಲ್ಲ ಚರ್ಚಿನಲ್ಲಿ ಸೇರಿತ್ತು. ದೇವರ ಮನೆಗಿಂತ ಗಟ್ಟಿ ಜಾಗ ಬೇರೆ ಇಲ್ಲ, ಯಾರೂ ಏಳಬೇಡಿ ಎಂದು ನಾನೇ ಹೇಳಿ ಪ್ರಾರ್ಥನೆ ಶುರು ಮಾಡಿದೆ. ಅಷ್ಟರಲ್ಲಿ ನೀರಿಗೆ ಹೋಗಿದ್ದ ಅಬುಸ್ ಕೆಸರುಗಾಲಲ್ಲೇ ಒಳಗೆ ನುಗ್ಗಿದಳು.

"ಇಷ್ಟು ಮಳೆ ಹುಯ್ತಿದ್ರೂ ಹಳ್ಳದಲ್ಲಿ ನೀರೇ ಇಲ್ಲ! ಮೇಲೆಲ್ಲೋ ಬೆಟ್ಟ ಕುಸಿದು ನೀರು ಕಟ್ಕೊಂಡಿದೆ. ಒಡೆದ್ರೆ ಊರೇ ಕೊಚ್ಕೊಂಡು ಹೋಗತ್ತೆ. ಏಳ್ರೋ!"

"ಪ್ರಾರ್ಥನೆ ಮುಗೀಲಿ, ಕೂತ್ಕೊಳಮ್ಮ," ಎಂದೆ.

"ಬೆಟ್ಟದ ನೆತ್ತಿ ಮೇಲೆ ಕೂಗಿದ್ರೂ ದೇವ್ರಿಗೆ ಕೇಳ್ಸತ್ತೆ ಅಜಿಮಾನಣ್ಣ, ಅಲ್ಲೇ ಮುಗ್ಸು!"

ಜನ ಎದ್ದರು. ಕೊನೆಗೆ ನಾನೂ ಎದ್ದೆ. ಒಂಟಿಯಾಗಿ ಬದುಕುತ್ತಿದ್ದ ನನ್ನ ತಮ್ಮ ದಾಹು ಮಾತ್ರ, "ಅಣ್ಣ ಹೇಳಿದ್ಮೇಲೆ ಮುಗೀತು," ಎಂದು ಕಣ್ಣು ಮುಚ್ಚಿ ಕೂತಿದ್ದ. ಹಿಂದೆ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ನಾವು ನೆತ್ತಿ ಮುಟ್ಟುವಷ್ಟರಲ್ಲಿ ಕೆಳಗೆ ಚರ್ಚೂ ಇರಲಿಲ್ಲ, ಊರೂ ಇರಲಿಲ್ಲ.

ಮರುವರ್ಷ, ಊರು ಕಳೆದುಕೊಂಡ ನಮಗೆ ಕೊಟ್ಟಿದ್ದ ಕಣಿವೆಯ ತಗಡಿನ ಮನೆಗಳಲ್ಲಿ ಹಿರಿಯರ ಚುನಾವಣೆ ನಡೆಯಿತು. ಅಬುಸ್ ಗೆದ್ದಳು. ಮನೆಗೆ ಬಂದರೆ ನನ್ನ ಹೆಂಡತಿ ಸವಿ ನನ್ನ ಮುಖ ನೋಡಿ ನಕ್ಕಳು. "ಹೊಟ್ಟೆ ಉರೀತಿದ್ರೆ ನೀರು ಕುಡಿ. ನಾನೂ ಓಟು ಅವಳಿಗೇ ಹಾಕಿದ್ದು."

ನಮ್ಮ ಬುನುನ್ ಜನರಲ್ಲಿ ಊರಿಗೆಲ್ಲ ಹಂದಿ ಕೊಯ್ದರೆ ಮನೆಗೊಂದು ಗುಡ್ಡೆ ಮಾಂಸ. ಚರ್ಮ, ಮೂಳೆ, ಕೊಬ್ಬು, ಕರುಳು ಎಲ್ಲ ಗುಡ್ಡೆಗೂ ಸಮ. ಹಂಚುವವರು ಒಂದೊಂದೇ ಮನೆಯ ಹೆಸರು ಕೂಗಬೇಕು. ಒಂದು ಗುಡ್ಡೆ ಹೆಚ್ಚುಕಡಿಮೆಯಾದರೆ ಸಾಯುವ ತನಕ ನಗೆಪಾಟಲು. ನಮ್ಮ ಸಭೆಯಲ್ಲಿ ಹಂಚುವ ಕತ್ತಿ ಹಿರಿಯನ ಕೈಯಲ್ಲಿ, ಅಂದರೆ ನನ್ನ ಕೈಯಲ್ಲಿ ಇತ್ತು. ಕೃತಜ್ಞತೆಯ ಹಬ್ಬದ ದಿನ ಅದು ಅಬುಸ್ ಕೈಯಲ್ಲಿತ್ತು.

ತಪ್ಪಲಿ ಎಂದು ಕಾದು ಕೂತು ಎಣಿಸಿದೆ. ನಲವತ್ತೊಂದು ಮನೆ, ನಲವತ್ತೆರಡು ಗುಡ್ಡೆ!

"ಒಂದು ಜಾಸ್ತಿ! ಪುಸ್ತಕ ತಲೆಕೆಳಗೆ ಹಿಡಿಯೋರಿಗೆ ಕತ್ತಿ ಕೊಟ್ರೆ ಇನ್ನೇನಾಗತ್ತೆ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಎಂಥ ಹಿತವಾಗಿತ್ತು ಆ ಮಾತು! ಆದರೆ ಯಾರೂ ನಗಲಿಲ್ಲ. ಅಬುಸ್ ಎಲೆಗೆ ಕತ್ತಿ ಒರೆಸಿ ನನ್ನ ಹತ್ತಿರ ಬಂದಳು.

"ಜಾಸ್ತಿ ಅಲ್ಲಣ್ಣ. ಅದು ದಾಹು ಮನೇದು. ಹೆಸ್ರು ಕೂಗೋಕೆ ನಂಗೆ ಬಾಯಿ ಬರ್ತಿಲ್ಲ. ನೀನೇ ಕೂಗು."

ಹದಿನೆಂಟು ವರ್ಷ ಕೂಗಿದ ಹೆಸರು. ಪ್ರತಿ ಸಲವೂ ಅವನು ಕೈ ಒರೆಸಿಕೊಳ್ಳುತ್ತ ಬಂದು, "ಅಣ್ಣ, ನಂಗೆ ಒಂಚೂರು ಕೊಬ್ಬು ಜಾಸ್ತಿ ಹಾಕೋ," ಎನ್ನುತ್ತಿದ್ದ. ಎಲ್ಲರಿಗೂ ಸಮ ಎಂದು ಗದರಿಸಿ ಕಳಿಸುತ್ತಿದ್ದೆ.

"ದಾಹು," ಎಂದೆ. ನನಗೇ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಕೂಗಿದೆ. ಯಾರೂ ಬರಲಿಲ್ಲ.

ನಾನೇ ಹೋಗಿ ಬಾಗಿ ಎತ್ತಿಕೊಂಡೆ. ಆ ಗುಡ್ಡೆಯಲ್ಲಿ ಕೊಬ್ಬು ಜಾಸ್ತಿ ಇತ್ತು. ಅವಳಿಗೆ ಅದು ನೆನಪಿತ್ತು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.