ಮೊದಲು ಕುರ್ಚಿ, ಆಮೇಲೆ ಮಾತು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೆಟ್ಟಿಲ ಕೆಳಗೆ, ಸಿಗ್ನಲ್ ಹೆದರಿ ಹೆದರಿ ಬರುವ ಮೂಲೆಯಲ್ಲಿ, ಹಲೋ ಚಿಕ್ಕಮ್ಮ ಮಣೆ ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲಿ ಗಾಜು ಬಿರುಕು ಬಿಟ್ಟ ಹಳೆಯ ಫೋನು. ವೆಬ್‌ಸೈಟು ಯಾಕೆ ನಿಧಾನ ಎಂದು ಪತ್ತೆ ಹಚ್ಚುವುದು ಅವರ ಕೆಲಸ.

"ಒಳ್ಳೇ ಫೋನು, ಒಳ್ಳೇ ನೆಟ್ಟು ಇದ್ರೆ ಎಲ್ಲಾ ಸೈಟೂ ಓಡೋ ಕುದುರೇನೇ," ಎನ್ನುತ್ತಾರೆ. ಸೈಟು ತೆರೆಯುವ ಮುಂಚೆ, ಹಿಂದೆ ನೋಡಿದಾಗ ಫೋನು ಉಳಿಸಿಕೊಂಡಿದ್ದನ್ನೆಲ್ಲ ಅಳಿಸುತ್ತಾರೆ. "ಪ್ರತಿ ಸಲ ಹೊಸಬಳಾಗಿ ಹೋಗ್ಬೇಕು."

'ಹಲೋ ಚಿಕ್ಕಮ್ಮ' ಎಂದು ಓಣಿಯ ಮಕ್ಕಳು ಇಟ್ಟ ಹೆಸರು ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಕಾಲದ್ದು. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳ ಹಲಗೆ, ಎರಡೂ ಕೈಯಲ್ಲಿ ತಂತಿ. ದೂರದ ಊರಿನ ಕರೆಗೆ ಜನ ಗಂಟೆಗಟ್ಟಲೆ ಕಾಯುತ್ತಿದ್ದರು. "ಕಾಯೋರ ಉಸಿರು ಕೇಳಿಸ್ತಿತ್ತು. ಯಾರಿಗೆ ಸಿಟ್ಟು, ಯಾರಿಗೆ ಅಳು, ಅದರಲ್ಲೇ ಗೊತ್ತಾಗ್ತಿತ್ತು." ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಒಂದು ಕಂಪನಿಯಲ್ಲಿ ದೂರು ಕೇಳುವ ಕೆಲಸ ಸಿಕ್ಕಿತು. ಎಲ್ಲರದೂ ಒಂದೇ ದೂರು: ಪುಟ ತೆರೆಯುತ್ತಿಲ್ಲ. ಯಾಕೆ ಎಂದು ಕೇಳುತ್ತ ಕೇಳುತ್ತ ಈ ವಿದ್ಯೆ ಕಲಿತರು. ಈಗ ದಿನಕ್ಕೆ ಮೂರೋ ನಾಲ್ಕೋ ಸಣ್ಣ ಅಂಗಡಿಗಳ ಸೈಟು ನೋಡುತ್ತಾರೆ.

ಇವತ್ತಿನದು ಸ್ವಂತ ಅಕ್ಕನದು, ಗಡಿಯಾರ ರಿಪೇರಿ ಅಂಗಡಿ. ಭಾವ ತೀರಿಹೋದ ಮೇಲೆ ಅಕ್ಕನೇ ನಡೆಸುತ್ತಿದ್ದಾರೆ. ದೂರದವರು ಸೈಟಿನ ಮೂಲಕ ಕಳಿಸುತ್ತಿದ್ದ ಕೆಲಸ ಕಡಿಮೆಯಾಗುತ್ತ ಬಂದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಹೀಗೇ ಆದರೆ ಮಳಿಗೆ ಬಿಟ್ಟುಕೊಡಬೇಕು.

"ನನ್ನ ಫೋನಲ್ಲಿ ಟಕ್ ಅಂತ ಬರುತ್ತೆ ಕಣೇ," ಪಕ್ಕದಲ್ಲೇ ಕೂತ ಅಕ್ಕನ ವಾದ.

"ನಿನ್ನ ಫೋನಿಗೆ ಅದು ಮನೆಯಳಿಯ ಇದ್ದ ಹಾಗೆ. ಬರೋ ಶ್ರಮಾನೇ ಇಲ್ಲ, ಒಳಗೇ ಬಿದ್ಕೊಂಡಿದೆ."

ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಪರದೆಯ ತುಂಬ ಬಣ್ಣದ ಪಟ್ಟಿಗಳು. ಪುಟದ ಒಂದೊಂದು ತುಂಡು ಬರಲು ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ. ಎಲ್ಲವೂ ಬೆರಳಗಲ, ಒಂದು ಮಾತ್ರ ಪರದೆಯ ಅಂಚಿನವರೆಗೂ ಹೋಗಿದೆ. ಚಿಕ್ಕಮ್ಮ ಅದನ್ನು ಒತ್ತುತ್ತಾರೆ.

"ಬನ್ನಿ, ಬನ್ನಿ. ನಿಮ್ಮ ಗಡಿಯಾರಕ್ಕೆ ಏನಾಗಿದೆ ನೋಡೋಣ..."

ಭಾವನ ದನಿ. ಅವರಿದ್ದಾಗ ರೆಕಾರ್ಡ್ ಮಾಡಿಕೊಂಡಿದ್ದನ್ನು ಅವರು ಹೋದ ಮೇಲೆ ಅಕ್ಕನೇ ಸೈಟಿಗೆ ಹಾಕಿಸಿದ್ದು. ದನಿ ಪೂರ್ತಿ ಬಂದ ಮೇಲೇ ಪುಟ ಕಾಣಬೇಕು ಎಂದು ಹೇಳಿ ಮಾಡಿಸಿದ್ದು. ಅಷ್ಟು ಹೊತ್ತು ಗಿರಾಕಿಗೆ ಕಾಣುತ್ತಿದ್ದುದು ಬರೀ ಬಿಳಿ ಪರದೆ.

"ಅವರನ್ನ ತೆಗಿ ಅಂತೀಯಾ?" ಅಕ್ಕನ ಮುಖ ಇಳಿಯುತ್ತದೆ. "ಹಾಗಾದ್ರೆ ಅಂಗಡೀನೂ ಬೇಡ ಬಿಡು."

ಚಿಕ್ಕಮ್ಮ ಫೋನು ಕೆಳಗಿಡುತ್ತಾರೆ. ಅಕ್ಕನ ಉಸಿರು ಹದಕ್ಕೆ ಬಂದ ಮೇಲೆ ಕೇಳುತ್ತಾರೆ, "ಭಾವ ಗಿರಾಕೀನ ಬಾಗಿಲಲ್ಲೇ ನಿಲ್ಲಿಸಿ ಮಾತಾಡ್ತಿದ್ರಾ?"

"ಛೆ. ಮೊದಲು ಕುರ್ಚಿ ಎಳೆದು ಹಾಕ್ತಿದ್ರು. ಆಮೇಲೆ ಮಾತು. ಅದು ಮುಗೀತಾನೇ ಇರ್ಲಿಲ್ಲ."

"ಮತ್ತೆ? ಸೈಟೂ ಹಾಗೇ ಮಾಡ್ಲಿ. ಮೊದಲು ಪುಟ ಬರ್ಲಿ, ಭಾವನ ದನಿ ಬಟನ್ ಒತ್ತಿದ್ರೆ ಕೇಳ್ಲಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಷರತ್ತು ಹಾಕುತ್ತಾರೆ. "ದನಿ ಕೇಳೋ ಬಟನ್ ಮೇಲೆ ಕುರ್ಚಿ ಚಿತ್ರ ಇರ್ಬೇಕು."

ಮಧ್ಯಾಹ್ನಕ್ಕೆ ಸೈಟು ಮಾಡಿದವರು ಬದಲಾಯಿಸಿ ಕೊಡುತ್ತಾರೆ. ಮತ್ತೆ ಮೆಟ್ಟಿಲ ಕೆಳಗಿನ ಮೂಲೆ, ಅದೇ ಒಡಕು ಫೋನು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಬರುತ್ತದೆ. ಅಕ್ಕ ಕುರ್ಚಿಯನ್ನು ಒತ್ತಿ, ಮೆಟ್ಟಿಲ ಮೇಲೆ ಕೂತು, ಎಲ್ಲವನ್ನೂ ಕೇಳುತ್ತಾರೆ.

ಸಂಜೆಗೆ ಒಂದು ಕೆಲಸ ಬಂದಿದೆ: ಗಂಟೆ ಬಡಿಯದ ಗೋಡೆ ಗಡಿಯಾರ. "ಒಂದೇ," ಎಂದು ಅಕ್ಕ ಗೊಣಗಿದರೂ ಬೆಳಕಿಗೆ ಹಿಡಿದು ಭೂತಗನ್ನಡಿ ಒರೆಸುತ್ತಿದ್ದಾರೆ.

ಉಳಿದ ಗಿರಾಕಿಗಳೂ ಬರಬಹುದೇ ಎಂದು ಅಕ್ಕ ಕೇಳಿದರೆ ಚಿಕ್ಕಮ್ಮ ಅಡ್ಡಡ್ಡ ತಲೆಯಾಡಿಸುತ್ತಾರೆ. "ಅದು ನನಗೆ ಗೊತ್ತಿಲ್ಲಕ್ಕ. ಲೈನ್ ಸೇರಿಸೋದಷ್ಟೇ ನನ್ನ ಕೆಲಸ. ಮಾತು ಅವರವರದ್ದು."