ಕ್ಲಚ್ ಸುಟ್ಟ ದಿನ

ಇಪ್ಪತ್ತಾರು ವರ್ಷ ಲಾರಿ ಓಡಿಸಿದವನಿಗೆ ಊರೆಂದರೆ ಪೆಟ್ರೋಲ್ ಬಂಕು, ಬೈಪಾಸ್ ತಿರುವು, ಪಂಕ್ಚರ್ ಅಂಗಡಿ, ಅಷ್ಟೇ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮುಂಚೆಯೇ ಸರಕು ಮುಟ್ಟಿಸುತ್ತಿದ್ದನೆಂದು ಜೊತೆಯ ಡ್ರೈವರುಗಳು ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಅದು ಹೊಗಳಿಕೆಯೋ ಗೇಲಿಯೋ ಅವನು ಯೋಚಿಸಿರಲಿಲ್ಲ. ಯೋಚಿಸಲು ಪುರಸೊತ್ತೆಲ್ಲಿತ್ತು?

ಆ ಸಲ ಹೆಂಡತಿಯೂ ಜೊತೆಗಿದ್ದಳು. ಮಗಳ ಮದುವೆಯಾಗಿ ಎರಡು ತಿಂಗಳಾಗಿತ್ತು. ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ಅವಳು ಒಂದು ಬೆಳಿಗ್ಗೆ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ಚೀಲ ಹಿಡಿದು ಲಾರಿಯ ಪಕ್ಕ ಬಂದು ನಿಂತಳು. "ಗೋಡೆ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ. ನಾನೂ ಬರ್ತೀನಿ." ಬೇಡ ಎನ್ನಲು ಅವನಿಗೊಂದು ಕಾರಣ ಹೊಳೆಯುವಷ್ಟರಲ್ಲಿ ಅವಳು ಹತ್ತಿ ಕೂತಾಗಿತ್ತು.

ಎರಡನೆಯ ದಿನ ಬೆಳಿಗ್ಗೆ ಒಂದು ಏರಿನಲ್ಲಿ ಸುಟ್ಟ ವಾಸನೆ ಬಂತು, ಲಾರಿ ನಿಂತಿತು. ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಹತ್ತಿರದ ಊರಿನ ಗ್ಯಾರೇಜು ಸೇರಿದ್ದಾಯಿತು. "ಕ್ಲಚ್ ಪ್ಲೇಟು ಹೋಗಿದೆ. ಹೊಸದು ಬೇರೆ ಊರಿಂದ ಬರಬೇಕು. ಸಂಜೆ ಐದಾಗುತ್ತೆ," ಎಂದ ಮೆಕ್ಯಾನಿಕ್.

ಗಡಿಯಾರ ಹಳೇ ಟೈರಿನ ಮೇಲೆ ಕೂತ, ಎದ್ದ, ಲಾರಿಯಡಿ ಬಗ್ಗಿ ನೋಡಿದ, ಮತ್ತೆ ಕೂತ. ಮೈಮೇಲೆ ಇರುವೆ ಬಿಟ್ಟಂತಾಗಿತ್ತು. ಅರ್ಧ ಗಂಟೆಗೆ ಮೆಕ್ಯಾನಿಕ್ಕಿನ ತಾಳ್ಮೆ ತಪ್ಪಿತು.

"ಯಜಮಾನ್ರೇ, ಹೆರಿಗೆ ವಾರ್ಡಿನ ಮುಂದೆ ಓಡಾಡೋ ಹಾಗೆ ಓಡಾಡಬೇಡಿ. ಅಮ್ಮನ್ನ ಕರ್ಕೊಂಡು ಊರೊಳಗೆ ಸುತ್ತಾಡಿ ಬನ್ನಿ."

"ತುಂಬಿರೋದು ಟೈಲ್ಸು ತಾನೇ? ಹಳಸಿ ಹೋಗುತ್ತಾ?" ಎಂದಳು ಹೆಂಡತಿ, ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತ.

ಅವಳಿಗೋ ಕಂಡದ್ದೆಲ್ಲ ಬೇಕು. ಪೇಟೆಯ ಮೊದಲ ತಿರುವಿನಲ್ಲೇ ಕಬ್ಬಿನ ಹಾಲು. ಅವನದು ಎರಡು ಗುಟುಕಿಗೆ ಮುಗಿಯಿತು. ಅವಳು ನೊರೆಯನ್ನು ತುಟಿಗೆ ತಾಗಿಸಿಕೊಂಡು ಗಾಣದ ಗೆಜ್ಜೆಸದ್ದು ಕೇಳುತ್ತ ನಿಂತಳು. ಆಮೇಲೆ ಉಪ್ಪುಕಾರ ಹಚ್ಚಿದ ಹಣ್ಣಿನ ಹೋಳು. ಆಮೇಲೆ ತಳ್ಳುಗಾಡಿಯ ಮೊಟ್ಟೆ ಬ್ರೆಡ್ಡು. ಪ್ರತಿಯೊಂದಕ್ಕೂ ಅವನದು ಒಂದೇ ಮಾತು: "ಆಯ್ತಾ?"

"ಏನ್ರೀ ಆಯ್ತಾ ಆಯ್ತಾ ಅಂತ? ಬಾಯಿಗೆ ಹಾಕ್ಕೊಂಡಿದ್ದು ಗಂಟಲಿಗಾದ್ರೂ ಇಳೀಲಿ." ಅವಳು ಬೆರಳು ಚೀಪುತ್ತ ಬೀದಿಯ ತುದಿಯಲ್ಲಿ ಮಿನುಗುತ್ತಿದ್ದ ನೀರಿನತ್ತ ನೋಡಿದಳು. "ಈ ಊರಿಂದ ಎಷ್ಟು ಸಲ ಫೋನ್ ಮಾಡಿದೀರಿ! ಊರು ಹೇಗಿದೆ ಅಂದ್ರೆ, ಬಂಕ್ ಹತ್ರ ಇದೀನಿ ಅಂತಿದ್ರಿ. ಇಲ್ಲೊಂದು ಹೊಳೆ ಇದೆ ಅಂತ ಒಂದು ದಿನನಾದ್ರೂ ಹೇಳಿದ್ರಾ?"

"ನನಗೆಲ್ಲಿ ಗೊತ್ತಿತ್ತು?" ಎಂದ ಅವನು. ಅದು ನಿಜವೂ ಆಗಿತ್ತು.

ಮಾತು ಅಲ್ಲಿಗೇ ಬಿಟ್ಟು ಅವನು ಮುಂದೆ ನಡೆದ. ಕಾಲಿಗೆ ಚಕ್ರ ಕಟ್ಟಿಕೊಂಡವನ ನಡಿಗೆ ಅದು. ಪಾತ್ರೆ ಬೀದಿ ದಾಟಿ, ಚಪ್ಪಲಿ ಅಂಗಡಿಗಳ ಸಾಲು ದಾಟಿ, ಮೀನು ಹುರಿಯುವ ಹೆಂಗಸಿನ ಗಾಡಿಯ ಹತ್ತಿರ ಬಂದು "ಹೊಳೆದಂಡೆಗೆ ಹೋಗೋಣ್ವಾ?" ಎನ್ನುತ್ತ ತಿರುಗಿದರೆ, ಹಿಂದೆ ಹೆಂಡತಿಯಿಲ್ಲ.

ಅವಳ ಫೋನು ಲಾರಿಯಲ್ಲೇ ಚಾರ್ಜಿಗಿತ್ತು. ಮೀನಿನವಳನ್ನು ಕೇಳಿದ.

"ಯಾವ ಬಣ್ಣದ ಬಟ್ಟೆ ಹಾಕ್ಕೊಂಡಿದ್ರು ಅಣ್ಣಾ?"

ಎಂಟು ವರ್ಷದ ಹಿಂದೆ ಅವನ ಲಾರಿಗೆ ಉಜ್ಜಿಕೊಂಡು ಹೋದ ಟ್ಯಾಂಕರಿನ ನಂಬರು ಈಗಲೂ ಬಾಯಲ್ಲಿತ್ತು. ಎರಡು ದಿನದಿಂದ ಮೊಣಕೈ ಪಕ್ಕದಲ್ಲೇ ಕೂತಿದ್ದವಳ ಬಟ್ಟೆಯ ಬಣ್ಣ ಮಾತ್ರ ಏನು ಮಾಡಿದರೂ ನೆನಪಿಗೆ ಬರಲಿಲ್ಲ. "ಕೈಯಲ್ಲೊಂದು ಚೀಲ ಇದೆ," ಎಂದಷ್ಟೇ ಹೇಳಿ ಬಂದ ದಾರಿಯಲ್ಲೇ ಓಡಿದ.

ಎರಡು ಬೀದಿ ಹಿಂದೆ, ಒಂದು ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಅವಳು ಕಾಲು ಚಾಚಿ ಕೂತಿದ್ದಳು. ಹಳದಿ ಬಟ್ಟೆ. ಕೈಯಲ್ಲಿದ್ದ ಸುಟ್ಟ ಜೋಳದ ತೆನೆ ಅರ್ಧ ಖಾಲಿಯಾಗಿತ್ತು.

"ಹೇಳಿ ನಿಲ್ಲೋಕಾಗಲ್ವಾ? ಜೀವ ಬಾಯಿಗೆ ಬಂದಿತ್ತು!"

"ಕೂಗಿದೆ. ಕೇಳಿಸ್ಕೊಂಡ್ರಾ? ಹೇಗೂ ವಾಪಸ್ ಬರ್ತೀರಿ ಅಂತ ಕೂತೆ. ಇಷ್ಟು ವರ್ಷ ಮಾಡಿದ್ದೂ ಅದನ್ನೇ ಅಲ್ವಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹೊಳೆದಂಡೆಯ ಕಲ್ಲುಬೆಂಚಿನಲ್ಲಿ ಕೂತಾಗ ಮೆಕ್ಯಾನಿಕ್ಕಿನ ಫೋನು ಬಂತು. ಪ್ಲೇಟು ಬಂದಿದೆ, ಆದರೆ ಅಳತೆ ಬೇರೆ. ನಾಳೆ ಬೆಳಿಗ್ಗೆಯೇ ಸರಿ. ತಡವಾಗುತ್ತದೆ ಎಂದು ಯಾರಿಗೂ ಹೇಳಿ ಅಭ್ಯಾಸವಿಲ್ಲದವನು ನಾಲ್ಕು ಸಲ ಗಂಟಲು ಸರಿಮಾಡಿಕೊಂಡು ಟೈಲ್ಸ್ ಇಳಿಸಬೇಕಾದ ಗೋದಾಮಿನ ಗುಮಾಸ್ತನಿಗೆ ಫೋನು ಹಚ್ಚಿದ.

"ನಾಳೆನಾ? ನಾಡಿದ್ದೇ ಬನ್ನಿ ಮಾರಾಯ್ರೇ," ಎಂದ ಗುಮಾಸ್ತ ಆಕಳಿಸುತ್ತ. "ಇಲ್ಲಿ ಜಾಗ ಎಲ್ಲಿದೆ? ನೀವು ಬೇಗ ತಂದಿದ್ದೆಲ್ಲ ವಾರಗಟ್ಟಲೆ ಅಂಗಳದಲ್ಲೇ ಬಿದ್ದಿರುತ್ತೆ."

ಫೋನು ಇಟ್ಟ ಮೇಲೂ ಆ ಆಕಳಿಕೆ ಅವನ ಕಿವಿಯಲ್ಲೇ ಉಳಿಯಿತು. ಎದ್ದು ನೀರಿನವರೆಗೂ ಹೋಗಿ ಬಂದ. ಮತ್ತೆ ಹೋದ. ಮಗಳು ಆರು ವರ್ಷದವಳಿದ್ದಾಗ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಸುದ್ದಿ ಬಂದಾಗ ಅವನು ಮನೆಯಿಂದ ಒಂದೇ ಗಂಟೆಯ ದಾರಿಯಲ್ಲಿದ್ದ. ನಾಲ್ಕಕ್ಕೆ ಸರಕು ಮುಟ್ಟಿಸಬೇಕೆಂದು ಬೈಪಾಸ್ ಹಿಡಿದು ಹೋಗಿಬಿಟ್ಟಿದ್ದ. ಆ ಸರಕು ಇಳಿಸಿದ್ದೂ ಇದೇ ಗೋದಾಮಿನಲ್ಲಿ.

"ಆವತ್ತು ಮಗುನ ಆಸ್ಪತ್ರೆಗೆ ಯಾರು ಕರ್ಕೊಂಡು ಹೋದ್ರು?" ಎಂದು ನಿಂತೇ ಕೇಳಿದ.

ಯಾವತ್ತು ಎಂದು ಅವಳು ಕೇಳಲಿಲ್ಲ. "ಕೆಳಗಡೆ ಕ್ಷೌರದಂಗಡಿಯವರು. ಅರ್ಧ ಗಡ್ಡ ಹೆರೆದಿದ್ದ ಗಿರಾಕೀನ ಬಿಟ್ಟು, ಮಗು ಎತ್ಕೊಂಡು ಓಡಿದ್ರು. ಆ ಗಿರಾಕೀನೂ ನೊರೆ ಮೆತ್ಕೊಂಡೇ ನಮ್ಮ ಹಿಂದೆ ಓಡಿ ಬಂದ." ನೆನೆದು ಅವಳಿಗೆ ನಗು ಬಂತು. ಅವನಿಗೆ ಬರಲಿಲ್ಲ.

"ನನ್ನ ಕೇಳಿದ್ಲಾ?"

"ಪ್ಲಾಸ್ಟರ್ ಒಣಗೋವರೆಗೂ ಕೇಳಿದ್ಲು."

ಅವನು ಮತ್ತೆ ನೀರಿನವರೆಗೂ ಹೋದ, ಬಂದ. ಕೂರಿ ಎಂದು ಅವಳು ಹೇಳಲಿಲ್ಲ. ಕೊನೆಗೆ ಮಗಳಿಗೆ ಫೋನು ಮಾಡಿದ. ಹಾಡುಹಗಲು ಅಪ್ಪನ ಫೋನೆಂದರೆ ಅವಳಿಗೆ ಗಾಬರಿ.

"ಅಪ್ಪಾ, ಏನಾಯ್ತು? ಅಮ್ಮ ಹುಷಾರಾಗಿದಾರಾ?"

"ಇಲ್ಲೇ ಇದಾಳೆ, ಏನಿಲ್ಲ. ನಿನ್ನ ಕೈ ಹೇಗಿದೆ ಅಂತ ಕೇಳೋಣ ಅಂತ..."

"ಯಾವ ಕೈ?"

ಯಾವ ಕೈಯೆಂದು ಅವನಿಗೂ ಗೊತ್ತಿರಲಿಲ್ಲ. ಬೆಂಚಿನ ಮೇಲಿದ್ದ ಹೆಂಡತಿ ತನ್ನ ಎಡಗೈ ಎತ್ತಿ ತೋರಿಸಿದಳು.

"ಎಡಗೈ," ಎಂದ.

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಮಗಳು, "ಚಳಿಗೆ ಒಂದೊಂದು ಸಲ ನೋಯುತ್ತೆ ಅಪ್ಪ," ಎಂದಳು.