ಚಿತ್ರ ನೋಡಿ ಹಾಡು ಆರಿಸುತ್ತಿದ್ದ ಕಾಕಾ

ಕಾಕಾ ಅವರ ತುಟಿಯ ಬಲತುದಿ ಜಾರಿಬಿಟ್ಟಿತ್ತು. ಚಹಾ ಕುಡಿದರೆ ಅಲ್ಲಿಂದ ಒಂದು ಹನಿ ಹೊರಬರುತ್ತಿತ್ತು. ಅದು ಗದ್ದಕ್ಕಿಳಿಯುವ ಮೊದಲೇ ಎಡಗೈಯಿಂದ ಒರೆಸಿಕೊಳ್ಳುತ್ತಿದ್ದರು. ಬೇರೆ ಯಾರಾದರೂ ಒರೆಸಲು ಹೋದರೆ ಮುಖ ಆಚೆ ತಿರುಗುತ್ತಿತ್ತು.

ನಾನು ಅವರನ್ನು ಮೊದಲು ಕಂಡದ್ದು ಅವರಿನ್ನೂ ಗಟ್ಟಿಯಾಗಿದ್ದಾಗ, ದಿಲ್ಲಿಯ ದ್ವಾರಕಾದಲ್ಲಿ, ನಾನು ಎಂ.ಫಿಲ್ ಮಾಡುತ್ತಿದ್ದಾಗ. ನನ್ನ ಬಾಡಿಗೆ ಕೋಣೆಯ ಮೇಲಿನ ಮಹಡಿಯಲ್ಲಿ ಅವರೂ ಅವರ ಹೆಂಡತಿ ಕಾಕುವೂ ಇದ್ದರು. ಧಾರವಾಡದವರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ದಿಲ್ಲಿಯಲ್ಲೇ ಉಳಿದವರು. ಮಕ್ಕಳಿರಲಿಲ್ಲ. ತುಮಕೂರಿನವಳಾದ ನಾನು ಅಂಕಲ್ ಎಂದದ್ದಕ್ಕೆ, "ಅಂಕಲ್ ಗಿಂಕಲ್ ದಿಲ್ಲಿ ಮಂದಿಗೆ. ನೀ ಕಾಕಾ ಅನ್ನು" ಎಂದು ತಿದ್ದಿದ್ದರು. ಭಾನುವಾರ ಜೋಳದ ರೊಟ್ಟಿಗೆ ಕರೆಯುತ್ತಿದ್ದರು. ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಹಾಡು. ನಾನು ಕೇಳುತ್ತಾ ಪೇಪರ್ ತಿರುವಿದರೆ ಹಾಡನ್ನೇ ನಿಲ್ಲಿಸುವರು. "ಹಾಡು ಕೇಳೋದೂ ಒಂದು ಕೆಲಸನ ಅದ, ತಂಗಿ. ಎರಡು ಕೆಲಸ ಒಮ್ಮೆಲೆ ಮಾಡಬ್ಯಾಡ."

ಕ್ವಾರ್ಟರ್ಸ್ ಬಿಟ್ಟು ಈ ಚಿಕ್ಕ ಫ್ಲ್ಯಾಟಿಗೆ ಬರುವಾಗ ತಮ್ಮ ಕ್ಯಾಸೆಟ್ಟುಗಳನ್ನೆಲ್ಲ ಅವರೇ ಕೂತು ಕಂಪ್ಯೂಟರಿಗೆ ಇಳಿಸಿದ್ದರು. ಒಂದೊಂದರ ಮೇಲಿನ ಚಿತ್ರವನ್ನೂ ಸ್ಕ್ಯಾನ್ ಮಾಡಿ ಆಯಾ ಹಾಡುಗಳಿಗೆ ಜೋಡಿಸಿದ್ದರು. ಆಮೇಲೆ ಕ್ಯಾಸೆಟ್ಟುಗಳು ಗುಜರಿ ಕೊಳ್ಳುವ ಕಬಾಡಿಯವನ ಗಾಡಿ ಸೇರಿದ್ದವು.

ನಾನು ಬಂದ ಮರುವರ್ಷ ಕಾಕಾ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ಓದೂ ಹೋಗಿದೆ ಎಂದು ನಮಗೆ ತಿಳಿದದ್ದು ಅವರು ಪೇಪರನ್ನು ಹಿಂದೆ ಮುಂದೆ ತಿರುಗಿಸಿ, ಬೆಚ್ಚಿ, ಕೆಳಗಿಟ್ಟಾಗ. ಬಾಯಲ್ಲಿ ಉಳಿದದ್ದು ಒಂದೇ ಪದ, "ಅಲ್ಲ". ಬೇಕೆಂದರೂ ಅಲ್ಲ, ಬೇಡವೆಂದರೂ ಅಲ್ಲ. ಸೊಸೈಟಿಯ ಲಿಫ್ಟ್ ಕೆಟ್ಟು ನಿಂತದ್ದೇ ಹೆಚ್ಚು. ಅವರು ಕೆಳಗಿಳಿಯುವುದೇ ನಿಂತುಹೋಯಿತು. ಏನು ಉಣ್ಣಬೇಕು, ಯಾವ ಅಂಗಿ ತೊಡಬೇಕು, ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಎಲ್ಲ ಇನ್ನೊಬ್ಬರ ಕೈಯಲ್ಲಿ. ಹಾಡು ಮಾತ್ರ ಅವರದು. ಹೆಸರು ಓದಲಾಗದಿದ್ದರೂ ಚಿತ್ರದ ಗುರುತು ಸಿಗುತ್ತಿತ್ತು. ತಂಬೂರಿಯ ಚಿತ್ರ ಒತ್ತಿದರೆ ಬೇಕಾದ ಭಜನೆ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಎಲ್ಲವನ್ನೂ ಹೊಸದಾಗಿ ಹಾಕಿಕೊಟ್ಟು, "ಗಾನಾ ಸಬ್ ಹೈ, ಆಂಟೀಜಿ" ಎಂದು ಹೋದ. ಹಾಡುಗಳೇನೋ ಇದ್ದವು, ಚಿತ್ರಗಳಿರಲಿಲ್ಲ. ಪರದೆಯ ತುಂಬ ಒಂದೇ ಥರದ ಬೂದು ಚೌಕಗಳು. ಕಾಕಾ ಒಂದನ್ನು ಒತ್ತಿದರು. "ಅಲ್ಲ." ಇನ್ನೊಂದು. "ಅಲ್ಲ." ಮತ್ತೊಂದು, ಮಗದೊಂದು. ಕೊನೆಗೆ ಮೌಸನ್ನು ತಳ್ಳಿ ಗೋಡೆಯ ಕಡೆ ತಿರುಗಿಬಿಟ್ಟರು. ಕಾಕು ತಾವೇ ಒಂದು ಹಾಡು ಹಾಕಿದರು. ಅದು ನಡೆಯುವಷ್ಟು ಹೊತ್ತೂ ಕಾಕಾ ಅವರ ಕಣ್ಣಿಂದ ನೀರು ಇಳಿಯಿತು. "ಅದೂ ಒಂದು ನಮ್ಮ ಕೈಯಾಗ ಬಂತಲ್ಲವಾ," ಎಂದು ಕಾಕು ಅಡುಗೆಮನೆಯಲ್ಲಿ ನನ್ನ ಮುಂದೆ ಅತ್ತರು.

ಕಳೆದ ಚಿತ್ರಗಳನ್ನು ಇಂಟರ್ನೆಟ್ಟಿನಿಂದ ತಾನೇ ಹುಡುಕಿ ತರುವ ಸೌಲಭ್ಯವೊಂದು ಆ ಪ್ರೋಗ್ರಾಮಿನಲ್ಲೇ ಇತ್ತು. ಹಚ್ಚಿ ನೋಡಿದೆ. ವಚನಗಳ ಮೇಲೆ ಗಿಟಾರ್ ಹಿಡಿದ ಕೂದಲು ಕೆದರಿದ ವಿದೇಶಿ ಹುಡುಗರು ಬಂದು ನಿಂತರು. ಕಾಕಾ ದಿಟ್ಟಿಸಿ ನೋಡಿದರು, ಆಮೇಲೆ ಹೆಗಲು ಕುಲುಕುವಂತೆ ನಕ್ಕರು. ಪಾರ್ಶ್ವವಾಯು ಹೊಡೆದ ಮೇಲೆ ನಾನು ಕಂಡ ಮೊದಲ ನಗು ಅದು. ಆದರೆ ನಮ್ಮ ಕಡೆಯ ಹಳೆಯ ಕ್ಯಾಸೆಟ್ಟುಗಳ ಚಿತ್ರ ಅಲ್ಲೆಲ್ಲೂ ಇರಲಿಲ್ಲ.

ನನ್ನ ಕಿಸೆಯಲ್ಲಿದ್ದ ಪೆನ್ನಿಗೆ ಅವರೇ ಎಡಗೈ ಚಾಚಿದರು. ಕಾಕು ಹಳೆಯ ಮದುವೆ ಕಾರ್ಡುಗಳನ್ನು ತಂದರು, ಅವುಗಳ ಬೆನ್ನು ಖಾಲಿಯಿತ್ತು. ನಾನು ಹಾಡು ಹಚ್ಚಬೇಕು. ಅದು ಪೂರ್ತಿ ಮುಗಿಯುವವರೆಗೆ ಅವರು ಪೆನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಸೊಟ್ಟಗೆರೆಗಳಲ್ಲಿ ಒಂದು ಚಿತ್ರ. ನಾನದರ ಫೋಟೋ ತೆಗೆದು ಆ ಹಾಡಿಗೆ ಜೋಡಿಸುತ್ತಿದ್ದೆ. ಕ್ಯಾಸೆಟ್ಟಿನ ಮೇಲಿದ್ದದ್ದನ್ನೇ ಬರೆಯುತ್ತಾರೆಂದು ನಾನು ತಿಳಿದಿದ್ದೆ. ಒಂದು ಭಾವಗೀತೆಗೆ ಅವರು ಬರೆದದ್ದು ಸೈಕಲ್ಲು, ಹಿಂದಿನ ಸೀಟಿನ ಮೇಲೆ ಜಡೆಯ ಹೆಂಗಸು. ಕಾಕು ಕಾರ್ಡನ್ನು ಕಸಿದುಕೊಂಡು, "ಏನ್ರೀ ಇದು, ಹುಡುಗಿ ಮುಂದ!" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಒಂದು ಆಲಾಪಕ್ಕೆ ಬರೀ ಕಿಟಕಿಯ ಸರಳುಗಳು. ಒಂದರ ಪಕ್ಕ ಒಂದು, ಕಾರ್ಡಿನಲ್ಲಿ ಜಾಗವೇ ಉಳಿಯದ ಹಾಗೆ.

"ಇದು ಬೇಡ ಕಾಕಾ, ಬೇರೆ ಬರೀರಿ," ಎಂದೆ.

"ಅಲ್ಲ," ಎಂದರು, ಮೇಜು ಗುದ್ದಿ. ಅದನ್ನೂ ಜೋಡಿಸಿದೆ. ಆ ಚಿತ್ರವನ್ನು ಅವರು ಎಂದೂ ಒತ್ತಲಿಲ್ಲ. ಆದರೆ ಅದು ಪರದೆಯ ಮೇಲಿರಬೇಕಿತ್ತು.

ನನ್ನ ಪ್ರಬಂಧ ಆಗ ಕುಂಟುತ್ತಿತ್ತು. ಎಲ್ಲ ಬಿಟ್ಟು ಊರಿಗೆ ಹೋಗಬೇಕೆನ್ನಿಸಿದಾಗಲೂ ಮುಂದಿನ ಭಾನುವಾರ ತಡೆದು ನಿಲ್ಲಿಸುತ್ತಿತ್ತು. ನಾನು ಅದನ್ನು ಮುಗಿಸಿದ್ದಕ್ಕೆ ಅವರೇ ಕಾರಣವೆಂದು ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಅಲ್ಲ ಎನ್ನುತ್ತಿದ್ದರು.

ಚಳಿಗಾಲದಲ್ಲಿ ಎರಡನೇ ಬಾರಿ ಹೊಡೆತ ಬಿತ್ತು. ಕಾಕಾ ಆಸ್ಪತ್ರೆಯಿಂದ ಮತ್ತೆ ಮನೆಗೆ ಬರಲಿಲ್ಲ. ಚೌಕಗಳಲ್ಲಿ ಅರ್ಧದಷ್ಟು ಇನ್ನೂ ಬೂದಾಗಿಯೇ ಇದ್ದವು.

ನೆಂಟರೆಲ್ಲ ಹೋದ ಮೇಲಿನ ಭಾನುವಾರ ನಾನು ಮೇಲೆ ಹೋದೆ. ಕಾಕು ರೊಟ್ಟಿ ಬಡಿಯುತ್ತಿದ್ದರು. ಆ ಮನೆಯಲ್ಲಿ ಹಾಡು ನಡೆಯುವಾಗಲೆಲ್ಲ ಅವರು ಅಡುಗೆಮನೆಯಲ್ಲೋ ಕಾಕಾ ಅವರ ಔಷಧಿಯ ಹಿಂದೆಯೋ ಇರುತ್ತಿದ್ದರು. ಅಂದು ಗ್ಯಾಸ್ ಆರಿಸಿ, ಕೈ ತೊಳೆದು ಬಂದು ಕಾಕಾ ಅವರ ಕುರ್ಚಿಯಲ್ಲಿ ಕೂತರು. ಚಿತ್ರವಿದ್ದ ಯಾವುದನ್ನೂ ಮುಟ್ಟದೆ ಒಂದು ಬೂದು ಚೌಕ ತೋರಿಸಿದರು. ಯಾರದೋ ಲಾವಣಿ. ಅವರು ಅಲುಗಾಡದೆ ಕೊನೆಯವರೆಗೂ ಕೇಳಿದರು.

"ಇದು ಅವರಿಗೆ ಅಷ್ಟು ಸೇರ್ತಿದ್ದಿಲ್ಲ," ಎಂದರು. ಆಮೇಲೆ, "ನನಗ ಸೇರ್ತು. ಇನ್ನೊಮ್ಮೆ ಹಚ್ಚು."